ತೆಳು ಸವರುಳಿ ಕೈಕೊಟ್ಟಾಗ: ಬಾಯಿಗಿಂತ ಮೊದಲು ಬೆನ್ನು ನೋಡಿ

ಸವರುವ ತೆಳು ಉಳಿಗೆ ಇರುವುದು ಒಂದೇ ಕೆಲಸ. ಗರಗಸವೂ ದಪ್ಪ ಉಳಿಯೂ ಬಿಟ್ಟುಹೋದ ಕೂದಲೆಳೆಯಷ್ಟು ಕಟ್ಟಿಗೆಯನ್ನು ಬರೀ ಕೈಯ ಒತ್ತಡದಿಂದ ಸವರಿ ತೆಗೆಯುವುದು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ಮಾರಾಟಕ್ಕೆ ನಿಲ್ಲಿಸುವ ಬಾಗಿಲು ಚೌಕಟ್ಟುಗಳ ಮೂಲೆಗಳನ್ನು ಹತ್ತಿರದಿಂದ ನೋಡಿ. ಉಗುರು ಕೂಡ ಸಿಕ್ಕಿಕೊಳ್ಳದಂತೆ ಸಂದು ಕೂತಿದ್ದರೆ ಅಲ್ಲಿ ಇಂಥ ಉಳಿಯೊಂದು ಕೊನೆಯ ಕೈ ಆಡಿಸಿದೆ ಎಂದು ತಿಳಿಯಬಹುದು.

ನಮ್ಮ ಕಡೆ ಗುಜರಿ ಅಂಗಡಿಗಳಲ್ಲಿ ಮತ್ತು ಹಳೆಯ ಬಡಿಗೇರ ಮನೆತನಗಳ ಪೆಟ್ಟಿಗೆಗಳಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮಾಡಿದ ಇಂಥ ಉಳಿಗಳು ಈಗಲೂ ಸಿಗುತ್ತವೆ. ಅಲಗು ಉದ್ದ, ದಪ್ಪ ಸುಮಾರು 3 ಮಿಲಿಮೀಟರ್, ಅಂಚುಗಳು ಎರಡೂ ಕಡೆ ಇಳಿಜಾರು. ಕೆಲವುಗಳ ಮೇಲೆ 'ಕಾಸ್ಟ್ ಸ್ಟೀಲ್' ಎಂಬ ಮುದ್ರೆ ಇರುತ್ತದೆ. ಅದನ್ನು ಎರಕದ ಕಬ್ಬಿಣವೆಂದು ಭಾವಿಸಿ ಎಸೆಯಬೇಡಿ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಶೆಫೀಲ್ಡ್‌ನಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನವನ್ನು ರೂಢಿಗೆ ತಂದ. ಆ ಜಾತಿಯ ಉಕ್ಕಿಗೆ ಹಾಕುತ್ತಿದ್ದ ಮುದ್ರೆ ಅದು. ಅದರ ಬಾಯಿ, ಅಂದರೆ ಕೊಯ್ಯುವ ಅಂಚು, ಇಂದಿಗೂ ಬಹಳ ನವಿರಾಗಿ ಏಳುತ್ತದೆ.

ಇಂಥ ಉಳಿ ಕೆಲಸ ಕೆಡಿಸತೊಡಗಿದರೆ ಹೆಚ್ಚಿನವರು ನೇರವಾಗಿ ಗ್ರೈಂಡರ್ ಕಡೆ ನಡೆಯುತ್ತಾರೆ. ನನ್ನ ವಾದ ಇದಕ್ಕೆ ವಿರುದ್ಧ. ತೆಳು ಉಳಿಯ ದೋಷಗಳಲ್ಲಿ ಬಹುಪಾಲು ಇರುವುದು ಬೆನ್ನಿನಲ್ಲಿ, ಅಂದರೆ ಓರೆ (ಬಾಯಿಯ ಬಳಿ ಇಳಿಜಾರಾಗಿ ಮಸೆದ ಭಾಗ) ಇಲ್ಲದ ಸಪಾಟು ಮುಖದಲ್ಲಿ. ಬಾಯಿಯನ್ನು ಎಷ್ಟು ಮಸೆದರೂ ಬೆನ್ನಿನ ದೋಷ ಹೋಗುವುದಿಲ್ಲ, ಉಕ್ಕು ಮಾತ್ರ ಸವೆಯುತ್ತದೆ. ಹಳೆಯ ಉಕ್ಕು ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ. ಆದ್ದರಿಂದ ಖರ್ಚಿಲ್ಲದ ಪರೀಕ್ಷೆ ಮೊದಲು, ಗ್ರೈಂಡರ್ ಕೊನೆಗೆ.

ಕೈ ಹಚ್ಚುವ ಮೊದಲು

ಕಟ್ಟಿಗೆಯನ್ನು ಶಿಕಂಜಿಯಲ್ಲಿ (ವೈಸ್‌ನಲ್ಲಿ) ಬಿಗಿಯಿರಿ. ಒಂದು ಕೈಯಲ್ಲಿ ಕಟ್ಟಿಗೆ ಹಿಡಿದು ಇನ್ನೊಂದು ಕೈಯಲ್ಲಿ ಉಳಿ ಒತ್ತುವುದು ಬಹಳ ಕಡೆ ರೂಢಿಯಲ್ಲಿದೆ, ಅಂಗೈ ಸೀಳುವುದೂ ಅದರಿಂದಲೇ. ಎರಡೂ ಕೈಗಳು ಸದಾ ಬಾಯಿಯ ಹಿಂದೆಯೇ ಇರಬೇಕು. ಸವರುಳಿಯನ್ನು ಕೊಡತಿಯಿಂದ ಹೊಡೆಯಬಾರದು, ಅದರಿಂದ ಮುಚ್ಚಳ ಮೀಟಬಾರದು, ಮೂಲೆಯ ಚೂರುಗಳನ್ನು ಎಬ್ಬಿಸಬಾರದು. ಉಳಿ ಕೈ ಜಾರಿ ಬಿದ್ದರೆ ಹಿಡಿಯಲು ಹೋಗದೆ ಕಾಲು ಹಿಂದಕ್ಕೆಳೆದುಕೊಳ್ಳಿ. ಗಾಯವಾದರೆ ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ. ಹತ್ತು ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ, ಬೆರಳು ಜೋಮು ಹಿಡಿದರೆ ಅಥವಾ ಮಡಚಲು ಬಾರದಿದ್ದರೆ ಅರಿಶಿನ ತುಂಬಿ ಕೂರದೆ ಆಸ್ಪತ್ರೆಗೆ ಹೋಗಿ. ನರ ಅಥವಾ ಸ್ನಾಯುರಜ್ಜು ಕತ್ತರಿಸಿರಬಹುದು. ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಅಲ್ಲಿ ಕೇಳಿ.

ಒತ್ತಿದರೆ ಜಾರುತ್ತದೆ, ಬಲ ಹಾಕಿದರೆ ಹಠಾತ್ತನೆ ನುಗ್ಗುತ್ತದೆ

ಬಾಯಿ ಮೊಂಡಾಗಿದೆ. ಅಪಾಯ ಹೆಚ್ಚಿರುವುದು ಇಲ್ಲಿಯೇ, ಏಕೆಂದರೆ ಮೊಂಡು ಉಳಿಗೆ ನೀವು ಮೈಭಾರ ಹಾಕುತ್ತೀರಿ, ಅದು ಬಿಟ್ಟುಕೊಟ್ಟ ಕ್ಷಣ ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು.

ಪರೀಕ್ಷೆಗೆ ಬೆಳಕು ಸಾಕು. ಕಿಟಕಿಯ ಎದುರು ನಿಂತು ಬಾಯಿಯನ್ನು ಕಣ್ಣಿನ ಕಡೆ ತಿರುಗಿಸಿ, ನಿಧಾನವಾಗಿ ಮೇಲೆ ಕೆಳಗೆ ವಾಲಿಸಿ. ಹರಿತವಾದ ಬಾಯಿ ಕಾಣಿಸುವುದೇ ಇಲ್ಲ. ಓರೆ ಮತ್ತು ಬೆನ್ನು ಸೇರುವ ಕಡೆ ಕಪ್ಪು ಮಾತ್ರ. ಬಿಳಿಯ ಗೆರೆ ಮಿನುಗಿದರೆ ಅಲ್ಲಿ ಬಾಯಿ ಉರುಟಾಗಿದೆ. ಚುಕ್ಕೆಯಂತೆ ಮಿನುಗಿದರೆ ಅಷ್ಟೇ ಜಾಗದಲ್ಲಿ ಚಕ್ಕೆ ಎದ್ದಿದೆ. ಹೆಬ್ಬೆರಳು ಎಳೆದು ನೋಡುವ ಅಭ್ಯಾಸ ಬಿಡಿ. ಎರಡನೆಯ ಪರೀಕ್ಷೆ ಮೆತ್ತಗಿನ ಕಟ್ಟಿಗೆಯದು. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ತುಂಡನ್ನು ಅಡ್ಡ ಕೊಯ್ದು, ಎಳೆಗಳ ತುದಿ ಕಾಣುವ ಮುಖವನ್ನು ಸವರಿ. ಮೈ ನುಣುಪಾಗಿ ಹೊಳೆದರೆ ಬಾಯಿ ಸರಿಯಿದೆ. ಎಳೆಗಳು ಕುಸಿದು ಬಿಳಿಚಿಕೊಂಡು ಪುಡಿಯಾದರೆ ಮಸೆಯಬೇಕು. ಮೆತ್ತಗಿನ ಕಟ್ಟಿಗೆಯಲ್ಲಿ ಸುಲಭವಾಗಿರಬೇಕಲ್ಲವೇ ಎನಿಸಬಹುದು. ಆದರೆ ಅದರ ಎಳೆಗಳು ಬಾಯಿಗೆ ಎದುರು ನಿಲ್ಲದೆ ಬಾಗುತ್ತವೆ, ಮೊಂಡು ಬಾಯಿ ಅಲ್ಲಿ ಬೇಗ ಸಿಕ್ಕಿಬೀಳುತ್ತದೆ.

ಮಸೆಯಲು ದುಬಾರಿ ಕಲ್ಲು ಬೇಕಿಲ್ಲ. ದಪ್ಪ ಗಾಜಿನ ತುಂಡಿನ ಮೇಲೆ ನೀರಿನಲ್ಲಿ ಬಳಸುವ ಎಮರಿ ಕಾಗದವನ್ನು ಅಂಟಿಸಿ, 400, 800, 1200, 2000 ಹೀಗೆ ಏರುತ್ತ ಹೋಗಿ; ಸಂಖ್ಯೆ ಏರಿದಂತೆ ಕಾಗದ ನವಿರಾಗುತ್ತದೆ. ಅಂಗಡಿಯಲ್ಲಿ ಸಿಗುವ ಕಾರ್ಬೋರಂಡಂ ಕಲ್ಲು ಮೊದಲ ಹಂತಕ್ಕೆ ಸಾಕು, ಆದರೆ ವರ್ಷಗಟ್ಟಲೆ ನಡುವೆಯೇ ಉಜ್ಜಿ ತಗ್ಗಾದ ಕಲ್ಲನ್ನು ಈ ಉಳಿಗೆ ತಾಗಿಸಬೇಡಿ. ತಗ್ಗಾದ ಕಲ್ಲು ಬೆನ್ನನ್ನು ಉಬ್ಬಿಸುತ್ತದೆ.

ಮಸೆದ ಕೂಡಲೇ ಹರಿತ, ನಾಲ್ಕು ಸಲ ಸವರುವಷ್ಟರಲ್ಲಿ ಮೊಂಡು

ಮೊದಲ ಶಂಕೆ ಬರ್ ಮೇಲೆ. ಓರೆಯನ್ನು ಮಸೆದಾಗ ಬಾಯಿಯ ತುದಿಯಲ್ಲಿ ಉಕ್ಕಿನ ನವಿರಾದ ಮಡಿಕೆ ಬೆನ್ನಿನ ಕಡೆ ಬಾಗಿ ನಿಲ್ಲುತ್ತದೆ. ಅದು ಮೊದಲೆರಡು ಸಲ ಚೆನ್ನಾಗಿ ಕೊಯ್ದು ಮುರಿದುಹೋಗುತ್ತದೆ, ಅದರ ಜೊತೆಗೆ ಬಾಯಿಯೂ ಹೋಗುತ್ತದೆ. ಬೆನ್ನನ್ನು ಕಲ್ಲಿನ ಮೇಲೆ ಪೂರ್ತಿ ಸಪಾಟಾಗಿ ಇಟ್ಟು, ಹಗುರವಾಗಿ ಉಜ್ಜಿ ಅದನ್ನು ತೆಗೆಯಿರಿ. ಬಳಿಕ ಪಾಲಿಶ್ ಹಚ್ಚಿದ ಚರ್ಮದ ಪಟ್ಟಿಯ ಮೇಲೆ ಬಾಯಿಯನ್ನು ಹಿಂದಕ್ಕೆಳೆಯಿರಿ, ಮುಂದಕ್ಕೆ ತಳ್ಳಬೇಡಿ.

ಎರಡನೆಯದು ಓರೆಯ ಕೋನ. ಇದಕ್ಕೆ ಕೋನಮಾಪಕ ಬೇಡ, ಅಡಿಪಟ್ಟಿ ಸಾಕು. ಅಲಗು 3 ಮಿಲಿಮೀಟರ್ ದಪ್ಪವಿದ್ದರೆ 30 ಡಿಗ್ರಿ ಓರೆಯ ಉದ್ದ 6 ಮಿಲಿಮೀಟರ್, 25 ಡಿಗ್ರಿಗೆ ಸುಮಾರು 7, 20 ಡಿಗ್ರಿಗೆ ಸುಮಾರು 9. ಸವರುಳಿಯನ್ನು 20 ಡಿಗ್ರಿಗೆ ಇಳಿಸಿದರೆ ಮೆತ್ತಗಿನ ಕಟ್ಟಿಗೆಯಲ್ಲಿ ಬೆಣ್ಣೆ ಕೊಯ್ದಂತೆ ನಡೆಯುತ್ತದೆ, ನಿಜ. ಆದರೆ ನಮ್ಮ ಕೆಲಸ ನಡೆಯುವುದು ಸಾಗವಾನಿ, ಜಾಲಿ, ಬೇವುಗಳಲ್ಲಿ. ಸಾಗವಾನಿಯ ಮೈಯಲ್ಲಿ ಸಿಲಿಕಾ ಇರುತ್ತದೆ. ಮರಳಿನ ಜಾತಿಯ ಆ ಕಣಗಳು ಎಂಥ ಉಕ್ಕನ್ನೂ ಸವೆಸುತ್ತವೆ. ಜಾಲಿಯ ಗಟ್ಟಿತನ ಬೇರೆ. ಓರೆಯನ್ನು 25 ಡಿಗ್ರಿಗೆ ಇಟ್ಟು, ತುದಿಯಲ್ಲಿ ಮಾತ್ರ ಒಂದು ನವಿರು ಗೆರೆಯಷ್ಟನ್ನು 28ರಿಂದ 30 ಡಿಗ್ರಿಗೆ ಮಸೆಯುವುದು ನಮ್ಮ ಕಟ್ಟಿಗೆಗೆ ಹೊಂದುತ್ತದೆ.

ಇವೆರಡೂ ಸರಿಯಿದ್ದರೆ ಉಳಿದದ್ದು ಹದ, ಅಂದರೆ ಕಾಯಿಸಿ ಅದ್ದಿ ಉಕ್ಕಿಗೆ ಕೊಟ್ಟ ಗಟ್ಟಿತನ. ಹಿಂದಿನ ಮಾಲೀಕ ಗ್ರೈಂಡರ್‌ನಲ್ಲಿ ಸುಟ್ಟಿರಬಹುದು. ಉಕ್ಕು ಬಿಸಿಯಾದಂತೆ ಬಣ್ಣ ಬದಲಿಸುತ್ತದೆ, 220ರಿಂದ 230 ಡಿಗ್ರಿ ಸೆಲ್ಸಿಯಸ್‌ಗೆ ಒಣಹುಲ್ಲಿನ ಹಳದಿ, 300ರ ಆಸುಪಾಸಿಗೆ ನೀಲಿ. ಬಾಯಿಯಲ್ಲಿ ನೀಲಿ ಕಂಡಿತೆಂದರೆ ಅಲ್ಲಿನ ಹದ ಇಳಿದಿದೆ. ಬಣ್ಣವನ್ನು ಯಾರೋ ಉಜ್ಜಿ ತೆಗೆದಿದ್ದರೂ ಸಣ್ಣ ಅರದಿಂದ ಪತ್ತೆ ಹಚ್ಚಬಹುದು. ಓರೆಯ ಮೇಲೆ, ಬಾಯಿಯ ಸಮೀಪ, ಅರವನ್ನು ಹಗುರವಾಗಿ ಎಳೆಯಿರಿ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಹದ ಇದೆ, ಕಚ್ಚಿದರೆ ಉಕ್ಕು ಮೆತ್ತಗಾಗಿದೆ. ಒಂದೊಂದು ಮಿಲಿಮೀಟರ್ ಹಿಂದೆ ಸರಿಯುತ್ತ ಎಲ್ಲಿ ಜಾರಲು ಶುರುವಾಗುತ್ತದೆ ಎಂದು ಗುರುತಿಸಿ. ಸಾಮಾನ್ಯವಾಗಿ ಸುಟ್ಟ ಭಾಗ ಕೆಲವೇ ಮಿಲಿಮೀಟರ್; ಅಷ್ಟನ್ನು ಕಲ್ಲಿನ ಮೇಲೆ ಕೈಯಿಂದ ಸವೆಸಿದರೆ ಒಳ್ಳೆಯ ಉಕ್ಕು ಮತ್ತೆ ಸಿಗುತ್ತದೆ. ಬೇಸರದ ಕೆಲಸ, ಆದರೆ ಖಾತ್ರಿಯ ಕೆಲಸ.

ಅಲಗಿನ ಬಹುದೂರದವರೆಗೂ ಅರ ಕಚ್ಚಿದರೆ ಇಲ್ಲಿಗೆ ನಿಲ್ಲಿಸಿ. ಮತ್ತೆ ಹದ ಹಾಕಿಸುವುದು ಅನುಭವಿ ಕಂಬಾರರ ಕೆಲಸ, ಅವರಿಗೂ ತೆಳು ಅಲಗು ಕಷ್ಟವೇ. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ತುಸು ಮೇಲೇರಿಸಿ ಅದ್ದಬೇಕು. ತಣ್ಣೀರಿನಲ್ಲಿ ಅದ್ದಿದರೆ ಇಷ್ಟು ತೆಳುವಾದ ಅಲಗು ಸೊಟ್ಟಾಗುವುದೋ ಸೀಳುವುದೋ ಖಚಿತ ಎನ್ನುವಷ್ಟು ಅಪಾಯ. ಬಾಯಿಯ ಕಡೆಯ ಒಂದೂವರೆ ಇಂಚನ್ನು ಮಾತ್ರ ಕಾಯಿಸಿ, ಉಗುರುಬೆಚ್ಚಗಿನ ಎಣ್ಣೆಯಲ್ಲಿ ನೆಟ್ಟಗೆ ಇಳಿಸಲು ಹೇಳಿ, ಬಳಿಕ ಒಣಹುಲ್ಲಿನ ಬಣ್ಣಕ್ಕೆ ಹದ ಇಳಿಸಲು ಹೇಳಿ. ಎಣ್ಣೆಗೆ ಬೆಂಕಿ ಹೊತ್ತಬಹುದು, ಇದನ್ನು ಮನೆಯ ಅಂಗಳದಲ್ಲಿ ಮಾಡಬೇಡಿ.

ಬಾಯಿ ಹರಿತವಿದೆ, ಆದರೆ ಕಟ್ಟಿಗೆಯೊಳಗೆ ಮುಳುಗುತ್ತದೆ ಅಥವಾ ಮೇಲೆದ್ದು ಹೋಗುತ್ತದೆ

ಈ ಬರಹ ಬರೆಯಲು ಕಾರಣವೇ ಈ ಲಕ್ಷಣ. ಗುಳೇದಗುಡ್ಡದ ಕಡೆಯ ಯುವ ಬಡಿಗರೊಬ್ಬರು ಹಳೆಯ ಒಂದು ಇಂಚಿನ ಸವರುಳಿಯೊಂದನ್ನು ತಂದಿದ್ದರು. "ಕಾಕಾ, ಗಡ್ಡ ಬೋಳಿಸುವಷ್ಟು ಹರಿತವಿದೆ, ಆದರೂ ಚೌಕಟ್ಟಿನ ಸಂದು ಸವರಲು ಹೋದರೆ ನಡುವೆ ತಗ್ಗು ಬೀಳುತ್ತದೆ" ಎಂದರು. ಓರೆ ಕನ್ನಡಿಯಂತಿತ್ತು. ಬೆನ್ನಿನ ಮೇಲೆ ಉಕ್ಕಿನ ಅಡಿಪಟ್ಟಿಯನ್ನು ಉದ್ದಕ್ಕೆ ನಿಲ್ಲಿಸಿ ಕಿಟಕಿಗೆ ಹಿಡಿದರೆ ಬಾಯಿಯ ಕಡೆಗಿನ ಕೊನೆಯ ಅರ್ಧ ಇಂಚಿನಲ್ಲಿ ಬೆಳಕಿನ ಗೆರೆ ಕಂಡಿತು. ಬರ್ ತೆಗೆಯುವಾಗ ಹಿಡಿಯನ್ನು ಸ್ವಲ್ಪ ಎತ್ತಿ ಉಜ್ಜುವ ಅಭ್ಯಾಸದಿಂದ ಬೆನ್ನಿನ ತುದಿ ಉರುಟಾಗಿತ್ತು.

ಸವರುಳಿಗೆ ದಾರಿ ತೋರಿಸುವುದು ಬೆನ್ನು. ಆಗಲೇ ಸಪಾಟಾದ ಕಟ್ಟಿಗೆಯ ಮೇಲೆ ಬೆನ್ನು ಕೂತು ಜಾರುತ್ತದೆ, ಬಾಯಿ ಅದೇ ಮಟ್ಟದಲ್ಲಿ ಕೊಯ್ಯುತ್ತದೆ. ಬೆನ್ನಿನ ತುದಿ ಉರುಟಾಗಿದ್ದರೆ ಬಾಯಿ ಕಟ್ಟಿಗೆಗೆ ತಾಗುವುದೇ ಇಲ್ಲ. ತಾಗಿಸಲು ನೀವು ಅರಿವಿಲ್ಲದೆ ಹಿಡಿ ಎತ್ತುತ್ತೀರಿ, ಎತ್ತಿದ ಕೂಡಲೇ ಅದು ಮುಳುಗುತ್ತದೆ.

ಪತ್ತೆ ಹಚ್ಚಲು ಮಾರ್ಕರ್ ಪೆನ್ ಸಾಕು. ಬೆನ್ನಿನ ಮೇಲೆ ಬಾಯಿಯಿಂದ ಎರಡು ಮೂರು ಇಂಚಿನವರೆಗೆ ಅಡ್ಡ ಗೆರೆಗಳನ್ನು ಎಳೆದು, ಗಾಜಿನ ಮೇಲಿನ 800ರ ಕಾಗದದ ಮೇಲೆ ಸಪಾಟಾಗಿ ಇಟ್ಟು ನಾಲ್ಕೈದು ಸಲ ಮಾತ್ರ ಎಳೆಯಿರಿ. ಎರಡೂ ಅಂಚಿನಲ್ಲಿ ಮತ್ತು ಬಾಯಿಯಲ್ಲಿ ಶಾಯಿ ಅಳಿಸಿ ನಡುವೆ ಉಳಿದರೆ ಬೆನ್ನು ತುಸು ತಗ್ಗಾಗಿದೆ. ಇದು ದೋಷವಲ್ಲ, ಬಿಟ್ಟುಬಿಡಿ. ನಡುವೆ ಅಳಿಸಿ ಬಾಯಿಯಲ್ಲಿ ಉಳಿದರೆ ಬೆನ್ನು ಉಬ್ಬಿದೆ, ಮುಳುಗುವ ರೋಗದ ಮೂಲ ಇದೇ. ಬಾಯಿಯ ಒಂದು ಮೂಲೆಯಲ್ಲಿ ಮಾತ್ರ ಶಾಯಿ ಉಳಿದರೆ ಅಲಗು ತಿರುಚಿದೆಯೇ ಎಂದು ಮುಂದಿನ ಭಾಗ ನೋಡಿ.

ಕಡೆಯ ಒಂದೆರಡು ಮಿಲಿಮೀಟರ್ ಮಾತ್ರ ಉರುಟಾಗಿದ್ದರೆ ಬೆನ್ನನ್ನು ಮುಟ್ಟದೆ ಓರೆಯ ಕಡೆಯಿಂದ ಮಸೆದು ಆ ಭಾಗವನ್ನು ದಾಟುವುದು ಸುಲಭ. ಅದಕ್ಕಿಂತ ಹೆಚ್ಚಿದ್ದರೆ 220ರ ಕಾಗದದಿಂದ ಶುರುಮಾಡಿ ಬೆನ್ನನ್ನು ಸಪಾಟು ಮಾಡಬೇಕು. ಬೆರಳುಗಳ ಒತ್ತಡ ಬಾಯಿಯ ಹಿಂದೆಯೇ ಇರಲಿ, ಹಿಡಿ ಎತ್ತಬೇಡಿ, ಇಳಿಸಲೂಬೇಡಿ. ಒಂದು ಎಚ್ಚರಿಕೆ: 19ನೇ ಶತಮಾನದ ಕೆಲವು ಉಳಿಗಳಲ್ಲಿ ಮೆತ್ತಗಿನ ಕಬ್ಬಿಣದ ಮೈಗೆ ತೆಳುವಾದ ಉಕ್ಕಿನ ಪಟ್ಟಿಯನ್ನು ಬೆಸೆದಿರುತ್ತಾರೆ, ಆ ಉಕ್ಕು ಇರುವುದು ಬೆನ್ನಿನ ಕಡೆ. ಓರೆಯನ್ನು ಹೊಳಪು ಮಾಡಿ ನೋಡಿದರೆ ಅಡ್ಡಲಾಗಿ ಗೆರೆಯೊಂದು ಕಾಣುತ್ತದೆ, ಒಂದು ಕಡೆ ಹೊಳಪು, ಇನ್ನೊಂದು ಕಡೆ ಮಂಕು. ಹೊಳೆಯುವ ಪಟ್ಟಿ ಆಗಲೇ ತೆಳುವಾಗಿದ್ದರೆ ಬೆನ್ನನ್ನು ಇನ್ನಷ್ಟು ಉಜ್ಜಬೇಡಿ.

ಯುವಕರಿಗೆ ಆ ದಿನ ಹಿಡಿಯಲ್ಲಿ ಬಲಗೈ, ಬೆನ್ನಿನ ಮೇಲೆ ಎಡಗೈಯ ಎರಡು ಬೆರಳು ಇಟ್ಟು ಉಜ್ಜುವುದನ್ನು ತೋರಿಸಿ ಕಳುಹಿಸಿದೆ. ಗ್ರೈಂಡರ್ ಬೇಕಾಗಲಿಲ್ಲ.

ಮತ್ತೊಂದು ಮಾತು. ಬೆನ್ನು ಸರಿಯಿದ್ದೂ ಒಂದೇ ಕಡೆ ಮುಳುಗಿದರೆ ಕಟ್ಟಿಗೆಯನ್ನು ತಿರುಗಿಸಿ ಎದುರು ದಿಕ್ಕಿನಿಂದ ಸವರಿ. ಎಳೆಗಳು ಒಳಮುಖವಾಗಿ ಇಳಿದಿದ್ದರೆ ಉಳಿ ಅವುಗಳ ಹಾದಿಯನ್ನೇ ಹಿಡಿಯುತ್ತದೆ, ತಪ್ಪು ಉಳಿಯದಲ್ಲ.

ಸವರಿದ ಮೈ ಒಂದು ಬದಿಗೆ ವಾಲುತ್ತದೆ

ಉಳಿಯನ್ನು ಬಂದೂಕಿನಂತೆ ಹಿಡಿದು ಹಿಡಿಯ ಕಡೆಯಿಂದ ಉದ್ದಕ್ಕೆ ನೋಡಿ. ಅಲಗು ಎಡಕ್ಕೋ ಬಲಕ್ಕೋ ಬಾಗಿದೆಯೇ, ಹಿಡಿಯೇ ವಾರೆಯಾಗಿ ಕೂತಿದೆಯೇ? ಹಿಡಿ ವಾರೆಯಾಗಿದ್ದರೆ ನಿಮ್ಮ ಒತ್ತಡವೂ ವಾರೆಯಾಗುತ್ತದೆ. ಹಿಡಿ ಬದಲಿಸಿದರೆ ತೀರಿತು. ಅಲಗಿನ ಬುಡ ಮೆಟ್ಟಿಲಿನಂತೆ ಬಾಗಿ, ಅಲಗು ಹಿಡಿಗಿಂತ ಕೆಳಮಟ್ಟದಲ್ಲಿ ಇದ್ದರೆ ಅದನ್ನು ಹಾಗೆಯೇ ಮಾಡಿದ್ದಾರೆ, ಅಗಲ ಹಲಗೆಯ ನಡುವೆ ಕೈ ತಾಗದಂತೆ ಸವರಲು. ಅಂಥದ್ದನ್ನು ದೋಷವೆಂದು ತಿಳಿದು ಸುತ್ತಿಗೆಯಿಂದ ನೆಟ್ಟಗೆ ಮಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಲಗೇ ತಿರುಚಿದೆಯೇ ಎಂದು ತಿಳಿಯಲು ಎರಡು ನೇರ ಪಟ್ಟಿಗಳನ್ನು ಬೆನ್ನಿನ ಮೇಲೆ ಅಡ್ಡಲಾಗಿ, ಒಂದನ್ನು ಬಾಯಿಯ ಬಳಿ, ಇನ್ನೊಂದನ್ನು ಬುಡದ ಬಳಿ ಇಟ್ಟು, ಒಂದರ ಮೇಲೊಂದು ಕಾಣುವಂತೆ ನೋಡಿ. ಎರಡೂ ಸಮಾನಾಂತರವಾಗಿ ಕಾಣದಿದ್ದರೆ ತಿರುಚು ಇದೆ. ಸ್ವಲ್ಪವಿದ್ದರೆ ಬಾಯಿಯ ಕಡೆಯ ಎರಡು ಇಂಚನ್ನು ಮಾತ್ರ ಸಪಾಟು ಮಾಡಿ ಕೆಲಸ ನಡೆಸಬಹುದು. ಹದ ಹಾಕಿದ ಭಾಗವನ್ನು ತಣ್ಣಗಿರುವಾಗ ಬಾಗಿಸಲು ಹೋದರೆ ಅದು ಪಟ್ಟನೆ ಮುರಿದು ಚೂರು ಹಾರುತ್ತದೆ. ಹದವಿಲ್ಲದ ಬುಡದ ಕಡೆ ಮಾತ್ರ, ಅದೂ ಕಟ್ಟಿಗೆಯ ತುಂಡುಗಳ ನಡುವೆ ಶಿಕಂಜಿಯಲ್ಲಿಟ್ಟು, ನಿಧಾನವಾಗಿ ಪ್ರಯತ್ನಿಸಬಹುದು. ಕಣ್ಣಿಗೆ ಕನ್ನಡಕ ಇರಲೇಬೇಕು.

ಬೆಳಗಾವಿಯ ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶಗಳಲ್ಲಿ ಸರ್ಫೇಸ್ ಗ್ರೈಂಡಿಂಗ್ (ಲೋಹದ ಮೈಯನ್ನು ಯಂತ್ರದಿಂದ ಉಜ್ಜಿ ಸಪಾಟು ಮಾಡುವುದು) ಮಾಡುವವರು ಸುಲಭವಾಗಿ ಸಿಗುವುದರಿಂದ ಬೆನ್ನನ್ನು ಯಂತ್ರಕ್ಕೆ ಕೊಟ್ಟರಾಯಿತು ಎಂದು ಅನೇಕರು ಯೋಚಿಸುತ್ತಾರೆ. ಯಂತ್ರದ ಅಯಸ್ಕಾಂತದ ಹಾಸು ಬಾಗಿದ ತೆಳು ಅಲಗನ್ನು ಕೆಳಕ್ಕೆ ಎಳೆದು ನೆಟ್ಟಗೆ ಮಾಡಿ ಹಿಡಿಯುತ್ತದೆ. ಆ ಸ್ಥಿತಿಯಲ್ಲಿ ಯಂತ್ರ ಅದನ್ನು ಸಪಾಟಾಗಿ ಕೊರೆಯುತ್ತದೆ. ಅಯಸ್ಕಾಂತ ಬಿಟ್ಟ ಕೂಡಲೇ ಅಲಗು ತನ್ನ ಹಳೆಯ ಬಾಗಿಗೆ ಮರಳುತ್ತದೆ, ಉಕ್ಕು ಮಾತ್ರ ಕಡಿಮೆಯಾಗಿರುತ್ತದೆ. ಕೊಡಲೇಬೇಕಾದರೆ ಅಲಗಿನ ಕೆಳಗಿನ ಸಂದುಗಳಿಗೆ ತೆಳು ತಗಡು ತುಂಬಿ ಹಿಡಿಸಲು, ನೀರು ಹರಿಸುತ್ತ ಬಹಳ ತೆಳುವಾಗಿ ತೆಗೆಯಲು ಹೇಳಿ. ಅವರು ಒಪ್ಪದಿದ್ದರೆ ಉಳಿಯನ್ನು ವಾಪಸ್ ತನ್ನಿ.

ಬಾಯಿಯಲ್ಲಿ ಚಕ್ಕೆ ಏಳುತ್ತದೆ

ಕೋನ ಕಡಿಮೆಯಾಗಿದೆ, ಇಲ್ಲವೇ ಯಾರೋ ಮೀಟಿದ್ದಾರೆ, ಇಲ್ಲವೇ ಗಂಟಿಗೆ ತಾಗಿದೆ. ಕೋನವನ್ನು 2 ಡಿಗ್ರಿ ಏರಿಸಿ ನೋಡಿ. ಹಳೆಯ ಚೌಕಟ್ಟಿನ ರಿಪೇರಿಯಾದರೆ ಮುರಿದ ಮೊಳೆ ಅಡಗಿದೆಯೇ ಎಂದು ಮೊದಲು ಅಯಸ್ಕಾಂತ ಆಡಿಸಿ. ಏರಿಸಿದ ಮೇಲೂ ಗಂಟಿಲ್ಲದ ಕಟ್ಟಿಗೆಯಲ್ಲಿ ಚಕ್ಕೆ ಏಳುತ್ತಲೇ ಇದ್ದರೆ ಹದ ಅತಿಯಾಗಿರಬಹುದು, ಕಂಬಾರರಿಗೆ ತೋರಿಸಿ.

ಅಲಗು ಬಾಗಿ ನಡುಗುತ್ತದೆ, ಮೈ ಮೇಲೆ ಅಲೆಗಳು ಬೀಳುತ್ತವೆ

ಇಲ್ಲಿ ಉಳಿ ನಿರಪರಾಧಿ. ನೀವು ಹೆಚ್ಚು ತೆಗೆಯುತ್ತಿದ್ದೀರಿ. ದಪ್ಪ ಉಳಿಯಿಂದ ಗೆರೆಯ ಸಮೀಪದವರೆಗೆ ಕಡಿದು, ಕೊನೆಯ ಅರ್ಧ ಮಿಲಿಮೀಟರನ್ನು ಮಾತ್ರ ಇದಕ್ಕೆ ಬಿಡಿ. ಎಡಗೈಯ ಬೆರಳುಗಳಿಂದ ಅಲಗನ್ನು ಕಟ್ಟಿಗೆಯ ಮೇಲೆ ಒತ್ತಿ ಹಿಡಿದು, ಬಲಗೈಯಿಂದ ತುಸು ಓರೆಯಾಗಿ ಜಾರಿಸುತ್ತ ಮುಂದೆ ನಡೆಸಿ.

ಹಿಡಿ ಅಲುಗಾಡುತ್ತದೆ

ವಿಜಯಪುರ, ಬಾಗಲಕೋಟೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ. ಖಾನಾಪುರದ ಮಳೆಗಾಲದಲ್ಲಿ ಹಿಗ್ಗಿದ್ದ ಹಿಡಿ ಇಲ್ಲಿ ಕುಗ್ಗಿ ಸಡಿಲವಾಗುವುದು ಸಹಜ. ನೀರಿನಲ್ಲಿ ನೆನೆಸಿ ಬಿಗಿ ಮಾಡುವ ಉಪಾಯ ಬೇಡ. ಒಂದು ವಾರಕ್ಕೆ ಬಿಗಿಯಾಗಿ, ಒಳಗೆ ತುಕ್ಕು ಹಿಡಿದು, ಮತ್ತೆ ಸಡಿಲವಾಗುತ್ತದೆ. ಬಾಯಿಗೆ ಕಟ್ಟಿಗೆಯ ರಕ್ಷೆ ಹಾಕಿ, ಹಿಡಿ ಎಳೆದು ತೆಗೆದು, ತೂತಿನಲ್ಲಿನ ಹಳೆಯ ಪುಡಿ ಕೆರೆದು, ಸಾಗವಾನಿಯ ತೆಳು ಸಿಬಿರಿನ ಜೊತೆ ಎಪಾಕ್ಸಿ ಹಾಕಿ ಕೂರಿಸಿ. ಅಂಟು ಒಣಗುವ ಮುನ್ನ ಬಂದೂಕಿನಂತೆ ಹಿಡಿದು ನೇರವಿದೆಯೇ ಎಂದು ನೋಡಿ. ಹಿಡಿ ಸೀಳಿದ್ದರೆ ಅಂಟಿಸದೆ ಹೊಸದು ಮಾಡಿ. ಚೆನ್ನಾಗಿ ಒಣಗಿದ ಸೀಸಂ ಅಥವಾ ಜಾಲಿ ಸಾಕು. ಸೀಳಿದ ಹಿಡಿಯನ್ನು ಎದೆ ಅಥವಾ ಭುಜದಿಂದ ಒತ್ತಿದರೆ ಹಿಡಿಯೊಳಗೆ ಕೂತ ಅಲಗಿನ ಮೊನೆ ಅಂಗೈಗೇ ಬರುತ್ತದೆ.

ತುಕ್ಕು, ಕುಳಿ, ಬಿರುಕು

ಮೇಲ್ಮೈಯ ಕೆಂಪು ತುಕ್ಕು ಟರ್ಪೆಂಟೈನ್ ಮತ್ತು ನವಿರು ಉಕ್ಕಿನ ನಾರಿನಿಂದ ಹೋಗುತ್ತದೆ. ವಿನಿಗರ್‌ನಲ್ಲಾಗಲಿ ಹುಣಸೆ ರಸದಲ್ಲಾಗಲಿ ರಾತ್ರಿಯಿಡೀ ನೆನೆಸಬೇಡಿ, ಆಮ್ಲ ಒಳ್ಳೆಯ ಉಕ್ಕನ್ನೂ ತಿನ್ನುತ್ತದೆ. ಕಾಪಾಡಲು ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ. ಶೇಂಗಾ ಎಣ್ಣೆ ಕೆಲವೇ ವಾರಗಳಲ್ಲಿ ಅಂಟಂಟಾಗುತ್ತದೆ. ಹಸಿ ಜಾಲಿ ಸವರಿದ ಮೇಲೆ ಉಳಿಯನ್ನು ಒರೆಸದೆ ಬಿಟ್ಟರೆ ಅದರ ಒಗರು ರಸ ಉಕ್ಕಿಗೂ ಕಟ್ಟಿಗೆಗೂ ನೀಲಿಗಪ್ಪು ಕಲೆ ಹಾಕುತ್ತದೆ.

ತುಕ್ಕು ತೆಗೆದ ಮೇಲೆ ಬೆನ್ನಿನಲ್ಲಿ ಕುಳಿಗಳು ಉಳಿದರೆ ಅವು ಎಲ್ಲಿವೆ ಎಂಬುದೇ ಮುಖ್ಯ. ಬುಡದ ಕಡೆಯ ಕುಳಿಗಳಿಂದ ತೊಂದರೆಯಿಲ್ಲ. ಬಾಯಿಯ ಅಂಚಿನಲ್ಲಿ ಕುಳಿಯಿದ್ದರೆ ಪ್ರತಿ ಕುಳಿಯೂ ಬಾಯಿಯಲ್ಲಿ ಒಂದು ಕಚ್ಚಾಗಿ, ಸವರಿದ ಮೈ ಮೇಲೆ ಉದ್ದ ಗೆರೆ ಎಳೆಯುತ್ತದೆ. ಒಂದೆರಡು ಮಿಲಿಮೀಟರ್ ಹಿಂದೆ ಸರಿದರೆ ಕುಳಿ ಮುಗಿಯುವುದಾದರೆ ಮಾತ್ರ ಗ್ರೈಂಡರ್ ಹತ್ತಿರ ಹೋಗಿ. ಕನ್ನಡಕ ಹಾಕಿ, ಕೈಗವಸು ಬೇಡ, ಕಲ್ಲಿನ ಪಕ್ಕದ ಮುಖಕ್ಕೆ ಒತ್ತಬೇಡಿ, ಒಂದೆರಡು ಸೆಕೆಂಡಿಗೊಮ್ಮೆ ನೀರಿನಲ್ಲಿ ಅದ್ದಿ. ಬಾಯಿಯ ಹಿಂದೆ ಬೆರಳಿಟ್ಟುಕೊಂಡರೆ ಬಿಸಿ ಉಕ್ಕಿಗಿಂತ ಮೊದಲು ನಿಮಗೆ ತಿಳಿಯುತ್ತದೆ.

ಕೊನೆಗೆ ಬಿರುಕು. ಅಲಗನ್ನು ಒರೆಸಿ ತೆಳುವಾಗಿ ಎಣ್ಣೆ ಹಚ್ಚಿ, ಮತ್ತೆ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಸ್ವಲ್ಪ ಹೊತ್ತಿನಲ್ಲಿ ಅಡ್ಡಲಾಗಿ ಕಪ್ಪು ಗೆರೆ ಮೂಡಿದರೆ ಬಿರುಕಿನೊಳಗಿನ ಎಣ್ಣೆ ಹೊರಬರುತ್ತಿದೆ ಎಂದರ್ಥ. ಅಂಥ ಉಳಿಗೆ ವೆಲ್ಡಿಂಗ್ ಮಾಡಿಸಬೇಡಿ, ಆ ಕಾವಿಗೆ ಸುತ್ತಲಿನ ಹದವೂ ಹೋಗುತ್ತದೆ. ಬಿರುಕು ಬಾಯಿಯಿಂದ ಅರ್ಧ ಇಂಚಿನೊಳಗೆ ಇದ್ದು, ಅದರ ಹಿಂದೆ ಅರ ಜಾರುವಷ್ಟು ಗಟ್ಟಿ ಉಕ್ಕು ಇದ್ದರೆ ಅಲ್ಲಿಯವರೆಗೆ ಕತ್ತರಿಸಿ ಹೊಸ ಬಾಯಿ ಮಾಡಬಹುದು. ನಡುವೆ ಇದ್ದರೆ ಅದನ್ನು ಸವರುಳಿಯಾಗಿ ಬಳಸುವುದನ್ನು ನಿಲ್ಲಿಸಿ, ಬಾಯಿಯ ಕಡೆಯ ತುಂಡಿನಿಂದ ಗೆರೆ ಹಾಕುವ ಚಾಕು ಮಾಡಿಕೊಳ್ಳಿ.